ರಾಯಚೂರಿನ ಮುತ್ತಿಗೆಯಲ್ಲಿ ನಡೆಯ ಹೊತ್ತು: ಕ್ರಿ. ಶ. ೧೫೨೦ರ ಯುದ್ಧವನ್ನು ಕುರಿತ ಒಂದು ವಿಚಾರ

೧. ಪ್ರಸ್ತಾವನೆ

ಕೃಷ್ಣದೇವರಾಯನ ರಾಯಚೂರು ವಿಜಯವು ಕರ್ನಾಟಕದ ಇತಿಹಾಸವನ್ನು ಓದಿದವರೆಲ್ಲರಿಗೂ ಪರಿಚಿತವಾದುದು. ಕ್ರಿ. ಶ. ೧೫೨೦ರಲ್ಲಿ ವಿಜಯನಗರದ ಅರಸನಿಗೂ ವಿಜಾಪುರದ ಇಸ್ಮಾಯಿಲ್ ಆದಿಲ್‌ಶಹನಿಗೂ ನಡೆದ ಈ ಯುದ್ಧದ ಫಲವನ್ನು ಕುರಿತು ಭಿನ್ನಾಭಿಪ್ರಾಯವಿಲ್ಲ. ಆ ಫಲಕ್ಕೆ ಕಾರಣವೇನೆಂಬ ವಿಷಯದಲ್ಲಿ ಮಾತ್ರ ಮೂರು ಬಗೆಯ ಉತ್ತರಗಳು ಬಳಕೆಯಲ್ಲಿವೆ. ರಾಯನ ಸೈನ್ಯವು ಅಪಾರವಾಗಿದ್ದುದರಿಂದ ಗೆದ್ದನೆಂಬುದು ಮೊದಲನೆಯದು. ರಾಯನ ಧೈರ್ಯದಿಂದ ಗೆಲವಾಯಿತೆಂಬುದು ಎರಡನೆಯದು. ಆದಿಲ್‌ಶಹನು ಮದ್ಯದ ಅಮಲಿನಲ್ಲಿ ನದಿಯನ್ನು ದಾಟಿ ಕೆಟ್ಟನೆಂಬುದು ಮೂರನೆಯದು. ಇವುಗಳಲ್ಲಿ ಯಾವುದನ್ನೂ ತಳ್ಳಿಹಾಕಬೇಕಾಗಿಲ್ಲ. ಆದರೆ ಇವೆಲ್ಲವನ್ನೂ ಒಪ್ಪಿಕೊಂಡ ಮೇಲೂ ಒಂದು ಪ್ರಶ್ನೆಯು ಉಳಿಯುತ್ತದೆ. ಯಾವ ಪಕ್ಷವು ಯಾವ ಕಾರ್ಯವನ್ನು ಯಾವ ಹೊತ್ತಿನಲ್ಲಿ ಮಾಡಿತು, ಅದೇ ಕಾರ್ಯವನ್ನು ಹಿಂದೆಮುಂದೆ ಮಾಡಿದ್ದರೆ ಫಲವು ಬೇರೆಯಾಗುತ್ತಿತ್ತೆ ಎಂಬುದೇ ಆ ಪ್ರಶ್ನೆ. ಪ್ರಕೃತ ಲೇಖನದ ವಿಷಯವು ಇದೇ.

ಈ ಪರೀಕ್ಷೆಗೆ ಬೇಕಾದ ಅಳತೆಗೋಲನ್ನು ಯುದ್ಧಶಾಸ್ತ್ರಕ್ಕಿಂತ ಮಣೆಯಾಟಗಳ ಶಾಸ್ತ್ರದಿಂದ ತೆಗೆದುಕೊಳ್ಳುವುದು ಸುಲಭ. ಕೃಷ್ಣದೇವರಾಯನು ಬೊಡ್ಡುಚೆರ್ಲ ತಿಮ್ಮನನೆಂಬ ಕವಿಯೊಡನೆ ಚದುರಂಗವಾಡುತ್ತಿದ್ದನೆಂದು ತೆಲುಗಿನ ಚಾಟುಪರಂಪರೆಯಲ್ಲಿ ಪ್ರತೀತಿಯಿದೆ. ಚಾಟುಗಳು ಇತಿಹಾಸಕ್ಕೆ ನೇರವಾದ ಆಧಾರಗಳಲ್ಲವಾದುದರಿಂದ ಅದನ್ನು ಇಲ್ಲಿ ಪ್ರಮಾಣವಾಗಿ ಹಿಡಿದಿಲ್ಲ. ಇದಲ್ಲದೆ ಚದುರಂಗವು ಅರಸನನ್ನು ಹಿಡಿಯುವ ಆಟ. ರಾಯಚೂರಿನಲ್ಲಿ ನಡೆದುದು ನೆಲವನ್ನು ಸುತ್ತುವರಿಯುವ ಕಾರ್ಯ. ಇದಕ್ಕೆ ಹೆಚ್ಚು ಹೊಂದುವ ಆಟವು ಪೂರ್ವ ಏಷ್ಯದಲ್ಲಿದೆ.

೨. ಸುತ್ತುವರಿಯುವ ಆಟದ ಸೂತ್ರ

ಚೀನೀಯರು ವೇಯ್‌ಚಿ ಎಂದೂ ಜಪಾನೀಯರು ಗೋ ಎಂದೂ ಕರೆಯುವ ಈ ಆಟದ ಮಣೆಯಲ್ಲಿ ಉದ್ದಕ್ಕೂ ಅಡ್ಡಕ್ಕೂ ೧೯ ಗೆರೆಗಳಿದ್ದು ೩೬೧ ಬಿಂದುಗಳಾಗುತ್ತವೆ. ಒಬ್ಬನು ಕರಿಯ ಹರಳುಗಳನ್ನೂ ಮತ್ತೊಬ್ಬನು ಬಿಳಿಯ ಹರಳುಗಳನ್ನೂ ಸರದಿಯಂತೆ ಒಂದೊಂದಾಗಿ ಇಡುತ್ತಾರೆ. ಇಟ್ಟ ಹರಳು ಮತ್ತೆ ಕದಲದು. ಹರಳಿಗೆ ಹೊಂದಿಕೊಂಡ ಬರಿಯ ಬಿಂದುವನ್ನು ಚೀನೀಯರು ಉಸಿರು ಎಂಬರ್ಥದ ಮಾತಿನಿಂದ ಕರೆಯುತ್ತಾರೆ. ಎಲ್ಲ ಉಸಿರುಗಳೂ ಮುಚ್ಚಿಹೋದ ಗುಂಪು ಸೆರೆಯಾಗುತ್ತದೆ. ಈ ಆಟದ ಸಮಸ್ಯೆಗಳನ್ನು ಸಂಗ್ರಹಿಸಿದ ಷ್ವಾನ್‌ಷ್ವಾನ್ ಚೀಜಿಂಗ್ ಎಂಬ ಗ್ರಂಥವು ೧೪ನೆಯ ಶತಮಾನದ್ದು. ಇಂತಹ ಸಮಸ್ಯೆಗಳಲ್ಲಿ ಬಿಡಿಸುವವನಿಗೆ ತೊಡಕಾಗುವುದು ಹೆಚ್ಚಾಗಿ ನಡೆಗಳ ಅನುಕ್ರಮ. ಸರಿಯಾದ ಮೂರು ನಡೆಗಳನ್ನೇ ಕಂಡುಕೊಂಡರೂ ಎರಡನೆಯದನ್ನು ಮೊದಲು ಇಟ್ಟರೆ ಸಮಸ್ಯೆಯು ಬಿಡಿಯುವುದಿಲ್ಲ.

ಇವುಗಳಲ್ಲಿ ಅತ್ಯಂತ ಸರಳವಾದುದನ್ನು ನೋಡಿದರೆ ಸಾಕು. ಬಿಳಿಯ ಗುಂಪೊಂದು ಸುತ್ತುವರಿಯಲ್ಪಟ್ಟಿದೆ, ಅದರೊಳಗೆ ಬರಿಯ ಬಿಂದುಗಳು ಸಾಲಾಗಿವೆ, ಹೊರಗೋಡೆಯಲ್ಲಿ ದೋಷವಿಲ್ಲ. ಅಂತಹ ಬಿಂದುಗಳು ಮೂರಿದ್ದರೆ ನಡುವಿನದನ್ನು ಮೊದಲು ಹಿಡಿದವನದೇ ಗೆಲವು. ಬಿಳಿಯವನು ಹಿಡಿದರೆ ಒಳಗೆ ಬೇರೆಬೇರೆ ಎರಡು ಉಸಿರುಗಳು ಉಳಿಯುತ್ತವೆ. ಎದುರಾಳಿಯು ಎರಡನ್ನೂ ಒಂದೇ ಸಲ ಮುಚ್ಚಲಾರನಾದುದರಿಂದ ಗುಂಪು ಬದುಕುತ್ತದೆ. ಕರಿಯವನು ಹಿಡಿದರೆ ಸಾಯುತ್ತದೆ. ಬಿಂದುಗಳು ನಾಲ್ಕಿದ್ದರೆ ಗುಂಪು ತಾನಾಗಿಯೇ ಬದುಕಿರುವುದರಿಂದ ಒಳಗೆ ಇಟ್ಟ ಹರಳು ವ್ಯರ್ಥ. ಎರಡೇ ಇದ್ದರೆ ಗುಂಪು ಸತ್ತೇ ಹೋಗಿರುವುದರಿಂದ ಆಗಲೂ ವ್ಯರ್ಥ. ನಾಲ್ಕರಲ್ಲಿ ಹೊತ್ತು ಬಂದಿಲ್ಲ, ಎರಡರಲ್ಲಿ ಮೀರಿದೆ, ಮೂರರಲ್ಲಿ ಈಗಲೇ.

ಇದರೊಡನೆ ಇನ್ನೆರಡು ಸೂತ್ರಗಳನ್ನು ನೆನಪಿಡಬೇಕು. ಎರಡು ಗುಂಪುಗಳು ಒಂದನ್ನೊಂದು ಸುತ್ತುವರಿದು ಉಸಿರಿಗಾಗಿ ಓಡುವಾಗ, ಹೊರಗಿನ ಉಸಿರುಗಳನ್ನು ಮೊದಲು ಮುಚ್ಚಿ ಒಳಗಿನವನ್ನು ಕಡೆಗೆ ಮುಚ್ಚಬೇಕು. ಮತ್ತು ಎದುರಾಳಿಯು ಉತ್ತರ ಕೊಡಲೇಬೇಕಾದಂತಹ ನಡೆಯನ್ನು ಇಟ್ಟವನಿಗೆ ಸರದಿಯು ಮರಳಿ ಬರುತ್ತದೆ. ಇದನ್ನು ಜಪಾನೀಯರು ಸೆಂಟೆ ಎನ್ನುತ್ತಾರೆ. ನಮ್ಮ ಹಳ್ಳಿಗಳ ಹುಲಿ-ಕುರಿಯಾಟವನ್ನು ಬಲ್ಲವರಿಗೆ ಇದು ಹೊಸದಲ್ಲ. ಮೂರು ಹುಲಿಗಳನ್ನು ಹದಿನೈದು ಕುರಿಗಳು ೨೩ ಬಿಂದುಗಳ ಮಣೆಯಲ್ಲಿ ಕಟ್ಟಿಹಾಕಬೇಕು; ಎಲ್ಲ ಕುರಿಗಳನ್ನೂ ಇಟ್ಟು ಮುಗಿಯುವವರೆಗೆ ಒಂದನ್ನೂ ಕದಲಿಸುವಂತಿಲ್ಲ. ಆದುದರಿಂದ ಅಲ್ಲಿ ಹೊತ್ತು ತಪ್ಪಿ ಇಟ್ಟ ಕುರಿಯು ಹುಲಿಯ ಬಾಯಿಗೇ ಸರಿ.

೩. ನೆಲದ ರಚನೆ

ರಾಯಚೂರಿನ ಸೀಮೆಯು ಕೃಷ್ಣಾ ತುಂಗಭದ್ರೆಗಳ ನಡುವಣ ನಾಡು. ಇದರ ಅಂಚುಗಳನ್ನು ತಿಳಿಯಲು ಎರಡು ತಾಲೂಕುಗಳನ್ನು ನೋಡಿದರೆ ಸಾಕು. ದೇವದುರ್ಗದ ತಾಲೂಕು ಉತ್ತರದಲ್ಲಿ ಕೃಷ್ಣೆಯ ದಡವನ್ನು ಮುಟ್ಟುತ್ತದೆ. ಮಾನ್ವಿಯ ತಾಲೂಕು ದಕ್ಷಿಣದಲ್ಲಿ ತುಂಗಭದ್ರೆಯ ದಡವನ್ನು ಮುಟ್ಟುತ್ತದೆ. ದಾಸಸಾಹಿತ್ಯದ ವಾಚಕರು ಮೊದಲನೆಯದನ್ನು ಗೋಪಾಲದಾಸರ ಮೊಸರಕಲ್ಲಿನಿಂದಲೂ ಎರಡನೆಯದನ್ನು ವಿಜಯದಾಸರ ಚೀಕಲಪರ್ವಿಯಿಂದಲೂ ಬಲ್ಲರು. ಇವೆರಡಕ್ಕೂ ಪೂರ್ವದಲ್ಲಿ ರಾಯಚೂರಿನ ಕೋಟೆಯಿದೆ. ಕಾಕತೀಯರ ಕಾಲದಲ್ಲಿ ಗೋರೆ ಗನ್ನಯ ರೆಡ್ಡಿಯು ಇದನ್ನು ಕಟ್ಟಿಸಿದ ವಿಷಯವು ಕ್ರಿ. ಶ. ೧೨೯೪ರ ಶಾಸನದಿಂದ ತಿಳಿಯುತ್ತದೆ. ಆ ಶಾಸನವನ್ನು ಕೆತ್ತಿದ ಬಂಡೆಯು ೪೧ ಅಡಿಗಳಿಗೂ ಮಿಕ್ಕು ಉದ್ದವಾದುದು. ವಿಜಾಪುರದಿಂದ ರಾಯಚೂರಿಗೆ ಬರುವವನು ಕೃಷ್ಣೆಯನ್ನೂ, ವಿಜಯನಗರದಿಂದ ಬರುವವನು ತುಂಗಭದ್ರೆಯನ್ನೂ ದಾಟಲೇಬೇಕು. ಒಬ್ಬೊಬ್ಬನ ಬೆನ್ನಿಗೂ ಒಂದೊಂದು ನದಿ.

ಈ ನದಿಗಳು ವರ್ಷವೆಲ್ಲ ಒಂದೇ ಸಮನಾಗಿರುವುದಿಲ್ಲ. ಬೇಸಿಗೆಯಲ್ಲಿ ಹಾಯ್ಗಡಗಳಲ್ಲಿ ಕಾಲುನಡೆಯಾಗಿ ದಾಟಬಹುದಾದ ಕೃಷ್ಣೆಯು ಸಹ್ಯಾದ್ರಿಯಲ್ಲಿ ಮುಂಗಾರು ಹಿಡಿದ ಮೇಲೆ ತುಂಬಿ ಹರಿಯುತ್ತದೆ. ಆದುದರಿಂದ ಇಲ್ಲಿಯ ಯಾವ ಯುದ್ಧಕ್ಕಾದರೂ ಪಂಚಾಂಗವೇ ಒಂದು ಎಲ್ಲೆ. ಯುದ್ಧದ ದಿನವನ್ನು ಗೊತ್ತುಪಡಿಸುವುದು ಬರಿಯ ಕಾಲನಿರ್ಣಯದ ಕುತೂಹಲವಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

೪. ಆಧಾರಗಳು ಮತ್ತು ದಿನನಿರ್ಣಯ

ಯುದ್ಧದ ವಿವರಗಳಿಗೆ ಮುಖ್ಯವಾದ ಆಧಾರಗಳು ಎರಡು. ಮೊದಲನೆಯದು ೧೫೩೫ರ ಸುಮಾರಿನಲ್ಲಿ ವಿಜಯನಗರದಲ್ಲಿದ್ದ ಪೋರ್ತುಗೀಜ ಕುದುರೆ ವ್ಯಾಪಾರಿ ಫೆರ್ನಾಂವ್ ನೂನಿಜನ ವೃತ್ತಾಂತ. ಇದನ್ನು ರಾಬರ್ಟ್ ಸಿವೆಲರು ೧೯೦೦ರಲ್ಲಿ ಇಂಗ್ಲೀಷಿಗೆ ತಂದು ಪ್ರಕಟಿಸಿದರು. ಎರಡನೆಯದು ಹದಿನೇಳನೆಯ ಶತಮಾನದ ಆರಂಭದಲ್ಲಿ ವಿಜಾಪುರದ ಆಶ್ರಯದಲ್ಲಿ ಬರೆದ ಫಿರಿಸ್ತನ ಇತಿಹಾಸ. ಇವರಿಬ್ಬರೂ ಒಬ್ಬರನ್ನೊಬ್ಬರು ಒಪ್ಪುವುದು ಅಪರೂಪ.

ನೂನಿಜನ ಪ್ರಕಾರ ಮೊದಲ ನಡೆಯು ರಾಯನದು. ಗೋವೆಯಲ್ಲಿ ಕುದುರೆಗಳನ್ನು ಕೊಳ್ಳಲೆಂದು ರಾಯನು ೪೦,೦೦೦ ಪರ್ದಾವುಗಳನ್ನು ಕೊಟ್ಟು ಕಳುಹಿಸಿದ ಮುಸಲ್ಮಾನ ವ್ಯಾಪಾರಿಯು ಹಣದೊಡನೆ ಆದಿಲ್‌ಶಹನ ಆಶ್ರಯಕ್ಕೆ ಓಡಿಹೋದನು. ಅವನನ್ನು ಒಪ್ಪಿಸಲು ಶಹನು ನಿರಾಕರಿಸಲಾಗಿ ರಾಯನು ದಂಡೆತ್ತಿ ಬಂದು ರಾಯಚೂರನ್ನು ಮುತ್ತಿದನು. ಫಿರಿಸ್ತನ ಪ್ರಕಾರ ರಾಯಚೂರು ಮುದ್ಗಲ್ಲುಗಳು ಆಗಲೇ ರಾಯನ ಕೈಯಲ್ಲಿದ್ದವು; ಅವನ್ನು ಮರಳಿ ಪಡೆಯಲೆಂದು ಶಹನೇ ಮೊದಲು ಹೊರಟನು; ಸುದ್ದಿ ತಿಳಿದ ರಾಯನು ಮುಂಚಿತವಾಗಿ ಬಂದು ಕೃಷ್ಣೆಯ ಕಡವುಗಳನ್ನೆಲ್ಲ ಹಿಡಿದಿದ್ದನು. ಶಹನ ಸೈನ್ಯವು ನೂನಿಜನಲ್ಲಿ ೧೮,೦೦೦ ಕುದುರೆ ಮತ್ತು ೧,೨೦,೦೦೦ ಕಾಲಾಳು. ಫಿರಿಸ್ತನಲ್ಲಿ ೭,೦೦೦ ಕುದುರೆ. ಶಹನು ನದಿಯನ್ನು ದಾಟಿದುದು ನೂನಿಜನಲ್ಲಿ ಹಾಯ್ಗಡದಿಂದ. ಫಿರಿಸ್ತನಲ್ಲಿ ಮದ್ಯಗೋಷ್ಠಿಯ ಉತ್ಸಾಹದಲ್ಲಿ ತೆಪ್ಪಗಳಿಂದಲೂ ಆನೆಗಳಿಂದಲೂ.

ದಿನದ ವಿಷಯದಲ್ಲಿಯೂ ಇಬ್ಬರ ಲೆಕ್ಕವೂ ತಪ್ಪಿದೆ. ಯುದ್ಧವು ೧೫೨೨ನೆಯ ವರ್ಷದ ಮೇ ತಿಂಗಳಲ್ಲಿ ಹೊಸ ಚಂದ್ರನ ಶನಿವಾರದಂದು ಆಯಿತೆಂದು ನೂನಿಜನು ಬರೆದಿದ್ದಾನೆ. ಆ ವರ್ಷದಲ್ಲಿ ತಿಥಿವಾರಗಳು ಹೊಂದುವುದಿಲ್ಲ. ೧೫೨೦ರಲ್ಲಿ ಮೇ ೧೭ನೆಯ ಗುರುವಾರದ ನಸುಕಿನಲ್ಲಿ ಅಮಾವಾಸ್ಯೆಯು ಮುಗಿದುದರಿಂದ ಚಂದ್ರದರ್ಶನವು ಶನಿವಾರ ಮೇ ೧೯ಕ್ಕೆ ಬೀಳುತ್ತದೆಂದು ಸಿವೆಲರು ತೋರಿಸಿದರು. ಗೋವೆಯ ಅಧಿಕಾರಿ ರೂಯ್ ದ ಮೆಲೊ ಆದಿಲ್‌ಶಹನ ಒಳನಾಡನ್ನು ಹಿಡಿದ ಕಾಲವನ್ನು ಹೇಳುವ ಪೋರ್ತುಗೀಜ ಲೇಖಕರ ಮಾತುಗಳೂ ೧೫೨೦ನ್ನೇ ಸಮರ್ಥಿಸುತ್ತವೆ. ಫಿರಿಸ್ತನು ಹೇಳುವ ಹಿಜರಿ ೯೨೭ಕ್ಕೆ ಬದಲಾಗಿ ಆ ದಿನವು ಗಣಿತದಂತೆ ಹಿಜರಿ ೯೨೬ರ ಎರಡನೆಯ ಜಮಾದಿಯ ಮೊದಲ ದಿನವಾಗುತ್ತದೆ. ಹೊಸ ಚಂದ್ರನ ಮಾತು ಇದಕ್ಕೆ ಸರಿಯಾಗಿ ಒಪ್ಪುತ್ತದೆ. ನಮ್ಮ ಲೆಕ್ಕದಲ್ಲಿ ಇದು ಶಕ ೧೪೪೨ನೆಯ ವಿಕ್ರಮ ಸಂವತ್ಸರದ ಜ್ಯೇಷ್ಠ ಶುದ್ಧದ ಆರಂಭ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಮೇ ೧೯ನೆಯ ದಿನವು ಹಳೆಯ ಪದ್ಧತಿಯದು. ಈಗಿನ ಪದ್ಧತಿಯಲ್ಲಿ ಅದು ಮೇ ೨೯. ಸೂರ್ಯನು ಆಗ ರೋಹಿಣಿ ನಕ್ಷತ್ರದ ಕೊನೆಯ ಭಾಗದಲ್ಲಿದ್ದನು. ಮೃಗಶಿರೆಗೆ ಕೆಲವೇ ದಿನಗಳು ಉಳಿದಿದ್ದವು. ಎಂದರೆ ಆದಿಲ್‌ಶಹನು ನದಿಯ ದಡಕ್ಕೆ ಬಂದುದು ಮುಂಗಾರಿನ ಬಾಗಿಲಿನಲ್ಲಿ. ನದಿಯು ಇನ್ನೂ ತಗ್ಗಿದ್ದುದರಿಂದ ನೂನಿಜನ ಹಾಯ್ಗಡವು ಋತುಮಾನಕ್ಕೆ ಹೆಚ್ಚು ಹೊಂದುವುದೆಂದು ನಮಗೆ ತೋರುತ್ತದೆ.

ಇಷ್ಟು ಭೇದಗಳ ನಡುವೆಯೂ ಇಬ್ಬರು ಲೇಖಕರೂ ಒಪ್ಪುವ ಸಂಗತಿಯು ಒಂದಿದೆ: ಆದಿಲ್‌ಶಹನು ಕೃಷ್ಣೆಯನ್ನು ದಕ್ಷಿಣಕ್ಕೆ ದಾಟಿದನು, ಸೋತನು, ಸೋತಾಗ ಬೆನ್ನಿಗಿದ್ದ ನದಿಯೇ ಅವನ ಸೈನ್ಯಕ್ಕೆ ಮೃತ್ಯುವಾಯಿತು. ಪರಸ್ಪರ ವಿರುದ್ಧವಾದ ಪಕ್ಷಗಳಿಂದ ಬಂದ ಎರಡು ವೃತ್ತಾಂತಗಳಲ್ಲಿ ಸಮಾನವಾಗಿರುವ ಈ ನಡೆಯೇ ಸಮಸ್ಯೆಯ ಕೇಂದ್ರ.

೫. ನಡೆಗಳ ಅನುಕ್ರಮ

ಇನ್ನು ನೂನಿಜನನ್ನು ಮುಖ್ಯವಾಗಿ ಅನುಸರಿಸಿ ನಡೆಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ನಡೆ, ಮುತ್ತಿಗೆ. ರಾಯನು ರಾಯಚೂರಿಗೆ ಸಮೀಪದ ಮಲಿಯಾಬಾದಿನಲ್ಲಿ ಬೀಡುಬಿಟ್ಟು ಅನಂತರ ಕೋಟೆಯನ್ನು ಮುತ್ತಿದನು. ನೂನಿಜನು ಹೇಳುವ ಏಳು ಲಕ್ಷಕ್ಕೂ ಮಿಕ್ಕ ಕಾಲಾಳುಗಳ ಸಂಖ್ಯೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಆ ಸಂಖ್ಯೆಯನ್ನು ಹೇಳಿದವನೇ, ಕೋಟೆಯೊಳಗಿದ್ದವರು ೮,೦೦೦ ಕಾಲಾಳು, ೪೦೦ ಕುದುರೆ, ೨೦ ಆನೆ ಮಾತ್ರವೆಂದೂ, ಹೀಗಿದ್ದರೂ ಮೂರು ತಿಂಗಳಾದರೂ ಕೋಟೆಯು ಬೀಳಲಿಲ್ಲವೆಂದೂ ಹೇಳುತ್ತಾನೆ. ಗೋಡೆಯ ಮೇಲೆ ೨೦೦ ದೊಡ್ಡ ಫಿರಂಗಿಗಳಿದ್ದವು. ಹೊರಗಿನವರಾದರೋ ಹಾರೆ ಗುದ್ದಲಿಗಳಿಂದ ಗೋಡೆಯನ್ನು ಕೀಳುತ್ತಿದ್ದರು. ಕಿತ್ತು ತಂದ ಕಲ್ಲಿನ ಗಾತ್ರಕ್ಕೆ ತಕ್ಕಂತೆ ನಾಯಕರು ಹಣ ಕೊಡುತ್ತಿದ್ದರು. ಸಂಖ್ಯಾಬಲವೇ ಗೆಲವಿನ ಕಾರಣವಾಗಿದ್ದರೆ ಕೋಟೆಯು ಈ ಮೂರು ತಿಂಗಳಲ್ಲಿಯೇ ಬೀಳಬೇಕಾಗಿತ್ತು. ಕೋಟೆಯ ಮಟ್ಟಿಗೆ ವಿಫಲವಾದ ಈ ಮುತ್ತಿಗೆಯು ಮತ್ತೊಂದು ಬಗೆಯಲ್ಲಿ ಫಲಕಾರಿಯಾಯಿತು. ಶಹನು ಉತ್ತರ ಕೊಡಲೇಬೇಕಾದ ನಡೆ ಅದು. ಮಳೆ ಬೀಳುವುದಕ್ಕೆ ಮೊದಲು ಬರದಿದ್ದರೆ ನದಿಯು ತುಂಬಿ ಕೋಟೆಗೂ ವಿಜಾಪುರಕ್ಕೂ ಸಂಬಂಧವು ತಪ್ಪುತ್ತಿತ್ತು. ಬಂದರೆ ರಾಯನು ಆರಿಸಿಕೊಂಡ ನೆಲಕ್ಕೇ ಬರಬೇಕಾಗಿತ್ತು.

ಎರಡನೆಯ ನಡೆ, ಶಹನ ನದೀತರಣ. ಶಹನು ಉತ್ತರ ದಡದಲ್ಲಿ ಕೆಲವು ದಿನ ನಿಂತಿದ್ದು ಬಳಿಕ ದಾಟಿದನು. ರಾಯಚೂರಿಗೆ ಒಂಬತ್ತು ಮೈಲಿ ದೂರದಲ್ಲಿ, ನದಿಯನ್ನು ಐದು ಮೈಲಿ ಹಿಂದಿಟ್ಟುಕೊಂಡು, ಕಂದಕಗಳನ್ನು ತೋಡಿ ನಿಂತನು. ದಾಟಿದುದಕ್ಕಿಂತಲೂ ದಾಟಿ ನಿಂತುದೇ ಅವನ ತಪ್ಪೆಂದು ನಮ್ಮ ಅಭಿಪ್ರಾಯ. ದಾಟಿದ ಕೂಡಲೆ ನುಗ್ಗಿದ್ದರೆ ರಾಯನು ಕೋಟೆಯ ಫಿರಂಗಿಗಳಿಗೂ ಶಹನ ಫಿರಂಗಿಗಳಿಗೂ ನಡುವೆ ಸಿಕ್ಕುತ್ತಿದ್ದನು. ದಾಟದೆ ಉತ್ತರ ದಡದಲ್ಲಿಯೇ ನಿಂತಿದ್ದರೆ ಮುತ್ತಿಗೆ ಹಾಕಿದವರು ಎರಡು ಕಡೆಗೂ ಕಣ್ಣಿಟ್ಟಿರಬೇಕಾಗುತ್ತಿತ್ತು. ನುಗ್ಗುವುದಕ್ಕಾಗಲಿ ಕಾಯುವುದಕ್ಕಾಗಲಿ ಅರ್ಥವಿತ್ತು. ದಾಟಿ ಕಂದಕ ತೋಡಿದವನು ನದಿಯ ರಕ್ಷಣೆಯನ್ನೂ ಬಿಟ್ಟನು, ಸರದಿಯನ್ನೂ ಬಿಟ್ಟುಕೊಟ್ಟನು.

ಮೂರನೆಯ ನಡೆ, ರಾಯನ ನಿರ್ಗಮನ. ಸರದಿಯು ತನ್ನದಾದೊಡನೆ ರಾಯನು ಕೋಟೆಯ ಮೇಲೆ ಇನ್ನೊಂದು ಲಗ್ಗೆಗೆ ತೊಡಗದೆ ಹೊರಗಿನ ಸೈನ್ಯದ ಕಡೆಗೆ ತಿರುಗಿದನು. ಹೊರಗಿನ ಉಸಿರನ್ನು ಮೊದಲು ಮುಚ್ಚಬೇಕೆಂಬ ಸೂತ್ರಕ್ಕೆ ಇದು ತಕ್ಕುದಾಗಿದೆ. ಶುಕ್ರವಾರದಂದೇ ಹೊಡೆಯಬೇಕೆಂದು ರಾಯನಿಗಿತ್ತು. ಅದು ಅಶುಭದಿನವೆಂದು ಮಂತ್ರಿಗಳು ಶನಿವಾರದವರೆಗೆ ತಡೆದರೆಂದು ನೂನಿಜನು ಹೇಳುತ್ತಾನೆ. ಒಂದು ದಿನದ ಈ ವಿಳಂಬವು ಯುದ್ಧದೃಷ್ಟಿಯಿಂದ ನಷ್ಟವೇ ಆಗಬಹುದಾಗಿತ್ತು. ಎದುರಾಳಿಯು ಕಂದಕದಲ್ಲಿ ಕುಳಿತಿದ್ದುದರಿಂದ ಆಗಲಿಲ್ಲ. ನಮ್ಮ ತಡವು ನಿರಪಾಯವಾಗುವುದು ಎದುರಾಳಿಯು ಅದಕ್ಕಿಂತ ಹೆಚ್ಚು ತಡೆದಾಗ ಮಾತ್ರ.

ನಾಲ್ಕನೆಯ ನಡೆ, ಫಿರಂಗಿಗಳು. ಶನಿವಾರ ಬೆಳಗಾಗುತ್ತಲೇ ರಾಯನ ಮುಂಪಡೆಯು ಎರಗಿ ಶತ್ರುವನ್ನು ಕಂದಕಗಳವರೆಗೆ ತಳ್ಳಿತು. ಆಗ ಶಹನು ತನ್ನ ಫಿರಂಗಿಗಳನ್ನು ಒಟ್ಟಿಗೆ ಹಾರಿಸಿದನು. ಮುಂಪಡೆಯು ಭಯಂಕರವಾದ ನಷ್ಟದಿಂದ ಹಿಂದೆಗೆಯಿತು. ಶಹನ ಸೈನಿಕರು ಒಂದೂವರೆ ಮೈಲಿಯಷ್ಟು ಅಟ್ಟಿಕೊಂಡು ಬಂದರು. ಆ ಮುಹೂರ್ತದಲ್ಲಿ ನೋಡಿದವನು ಶಹನೇ ಗೆದ್ದನೆನ್ನುತ್ತಿದ್ದನು. ರಿಚರ್ಡ್ ಈಟನರು ೨೦೦೯ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಫಿರಂಗಿಗಳಲ್ಲಿ ಮೇಲುಗೈಯಾಗಿದ್ದ ಪಕ್ಷವೇ ಬಯಲಿನಲ್ಲಿ ಸೋತಿತೆಂಬ ವಿಶೇಷವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ನಮ್ಮ ದೃಷ್ಟಿಯಿಂದ ಇದರ ಕಾರಣವು ಕಾಲಕ್ಕೆ ಸಂಬಂಧಪಟ್ಟುದು. ಎಲ್ಲ ಫಿರಂಗಿಗಳನ್ನೂ ಒಮ್ಮೆಗೇ ಹಾರಿಸಿದರೆ ಮತ್ತೆ ಮದ್ದು ಗುಂಡು ತುಂಬುವವರೆಗೆ ಅವೆಲ್ಲವೂ ಒಮ್ಮೆಗೇ ಮೂಕವಾಗುತ್ತವೆ. ಅಟ್ಟಿಹೋದ ಸೈನಿಕರಾದರೋ ಕಂದಕಗಳ ಆಶ್ರಯವನ್ನು ಬಿಟ್ಟು ತಮ್ಮ ಫಿರಂಗಿಗಳಿಗೂ ಶತ್ರುವಿಗೂ ನಡುವೆ ತಾವೇ ಅಡ್ಡವಾದರು.

ಐದನೆಯ ನಡೆ, ಉಳಿಸಿಕೊಂಡ ಪಡೆ. ರಾಯನು ಎರಡನೆಯ ಪಡೆಯೊಡನೆ ಹಿಂದಿದ್ದನು. ತಾನು ಮಡಿದರೆ ರಾಣಿಯರಿಗೆ ಗುರುತಾಗಲೆಂದು ಬೆರಳಿನ ಉಂಗುರವನ್ನು ಸೇವಕನಿಗೆ ಕೊಟ್ಟು ಮುಂದೆ ನುಗ್ಗಿದನೆಂಬ ಪ್ರಸಿದ್ಧವಾದ ಕಥೆಯು ಈ ಕ್ಷಣದ್ದು. ಧೈರ್ಯದ ದೃಷ್ಟಾಂತವಾಗಿ ಇದನ್ನು ಎಲ್ಲರೂ ಉದಾಹರಿಸುತ್ತಾರೆ. ಅದು ಧೈರ್ಯವೇ ಹೌದು. ಆದರೆ ಅದೇ ಪಡೆಯು ಅರ್ಧ ಗಳಿಗೆ ಮೊದಲು ಮುಂಪಡೆಯೊಡನೆ ಸೇರಿದ್ದರೆ ಫಿರಂಗಿಗಳ ಬಾಯಿಗೆ ಬೀಳುತ್ತಿತ್ತು. ಅರ್ಧ ಗಳಿಗೆ ತಡವಾಗಿದ್ದರೆ ಓಡಿಬಂದ ಮುಂಪಡೆಯೊಡನೆ ತಾನೂ ಓಡುತ್ತಿತ್ತು. ಒಳಗೆ ಮೂರು ಬಿಂದುಗಳು ಉಳಿದಿದ್ದ ಹೊತ್ತು ಇದೇ. ಚದುರಿ ಬರುತ್ತಿದ್ದ ಶತ್ರುವು ಈ ಹೊಡೆತವನ್ನು ತಡೆಯದೆ ನದಿಯವರೆಗೆ ಓಡಿದನು. ಅಲ್ಲಿ ನೀರಿನಲ್ಲಿಯೂ ದಡದಲ್ಲಿಯೂ ಅಸಂಖ್ಯ ಜನರು ಮಡಿದರು. ೪,೦೦೦ ಕುದುರೆ, ೧೦೦ ಆನೆ, ೪೦೦ ದೊಡ್ಡ ಫಿರಂಗಿಗಳು ರಾಯನ ಕೈಸೇರಿದವು. ಶಹನು ಅಸದ್‌ಖಾನನ ನೆರವಿನಿಂದ ತಪ್ಪಿಸಿಕೊಂಡನು.

ಆರನೆಯ ನಡೆ, ಕೋಟೆ. ನಿರಪರಾಧಿಗಳು ಬಹಳ ಮಂದಿ ಸತ್ತರೆಂದು ಹೇಳಿ ರಾಯನು ಅಟ್ಟುವುದನ್ನು ನಿಲ್ಲಿಸಿ ರಾಯಚೂರಿಗೆ ಮರಳಿದನು. ಮೂರು ತಿಂಗಳು ಬೀಳದಿದ್ದ ಕೋಟೆಯು ಈಗ ಶೀಘ್ರವಾಗಿ ಬಿದ್ದಿತು. ಕ್ರಿಸ್ತೊವಾಂವ್ ದ ಫಿಗೆರೇದೊ ಎಂಬ ಪೋರ್ತುಗೀಜನ ಕೋವಿಗಾರರು ಗೋಡೆಯ ಮೇಲಿನವರನ್ನು ಗುರಿಯಿಟ್ಟು ಹೊಡೆದರು; ಹೊರಕ್ಕೆ ಬಾಗಿ ನೋಡಿದ ಕೋಟೆಯ ಅಧಿಕಾರಿಯೇ ಗುಂಡು ತಗುಲಿ ಸತ್ತನು; ಒಳಗಿನವರು ಶರಣಾದರು. ಕೋವಿಗಳ ಮಹತ್ತ್ವವನ್ನು ಅಲ್ಲಗಳೆಯಲಾಗದು. ಆದರೂ ಹೊರಗಿನಿಂದ ನೆರವು ಬರುವ ಆಸೆಯು ಉಳಿದಿದ್ದಾಗ ಅಧಿಕಾರಿಯ ಮರಣವೊಂದರಿಂದ ಕೋಟೆಯು ಬೀಳುತ್ತಿತ್ತೆಂದು ಹೇಳುವುದು ಕಷ್ಟ.

ಈ ಮಧ್ಯೆ ಪಶ್ಚಿಮದಲ್ಲಿ ಮೂರನೆಯವನೊಬ್ಬನು ತನ್ನ ನಡೆಯನ್ನು ಇಟ್ಟನು. ಶಹನ ಬಲವೆಲ್ಲ ಇಲ್ಲಿ ಸಿಕ್ಕಿಕೊಂಡಿದ್ದುದನ್ನು ಕಂಡು ರೂಯ್ ದ ಮೆಲೊ ಗೋವೆಯ ನೆರೆಯ ಒಳನಾಡನ್ನು ಹೆಚ್ಚು ಪ್ರಯಾಸವಿಲ್ಲದೆ ಹಿಡಿದನು. ಇಬ್ಬರು ಒಂದು ಮೂಲೆಯಲ್ಲಿ ಹೆಣಗುವಾಗ ಮತ್ತೊಂದು ಮೂಲೆಯ ಬೆಲೆಯನ್ನು ಅರಿತವನಿಗೆ ಲಾಭವುಂಟು.

೬. ತಪ್ಪಿದ ಹೊತ್ತು

ಗೆದ್ದವನು ಎಲ್ಲ ಹೊತ್ತನ್ನೂ ಅರಿತಿದ್ದನೆಂದು ಇದರಿಂದ ಸಿದ್ಧವಾಗುವುದಿಲ್ಲ. ಸೋತವನೊಡನೆ ಸಂಧಿಗೆ ಅತ್ಯಂತ ಅನುಕೂಲವಾದ ಕಾಲವು ಗೆಲವಿನ ಮರುದಿನ. ರಾಯನು ಶಹನ ದೂತನನ್ನು ಒಂದು ತಿಂಗಳು ಕಾಯಿಸಿದನು. ಶಹನೇ ಬಂದು ತನ್ನ ಪಾದವನ್ನು ಚುಂಬಿಸಿದರೆ ಎಲ್ಲವನ್ನೂ ಮರಳಿ ಕೊಡುವೆನೆಂದನು. ಅದಕ್ಕಾಗಿ ಮುದ್ಗಲ್ಲಿನವರೆಗೆ ಹೋದನು. ಶಹನು ಬಾರದಿರಲು ವಿಜಾಪುರಕ್ಕೇ ಹೋಗಿ, ಕೆರೆಗಳನ್ನು ಒಡೆದುಬಿಟ್ಟಿದ್ದುದರಿಂದ ನೀರಿಲ್ಲದೆ ಹಿಂದಿರುಗಿದನು. ಎದುರಾಳಿಯು ಉತ್ತರ ಕೊಡಬೇಕಾಗಿಲ್ಲದ ನಡೆಗಳು ಇವು. ರಾಯನು ೧೫೨೯ರಲ್ಲಿ ತೀರಿಕೊಂಡನು. ೧೫೩೦ರ ಸುಮಾರಿಗೆ ಇಸ್ಮಾಯಿಲನು ರಾಯಚೂರು ಮುದ್ಗಲ್ಲುಗಳನ್ನು ಮರಳಿ ಪಡೆದನು. ಅಷ್ಟು ಪ್ರಾಣಗಳನ್ನು ತೆತ್ತು ಪಡೆದ ಕೋಟೆಯು ಕೈಯಲ್ಲಿ ನಿಂತುದು ಸುಮಾರು ಹತ್ತು ವರ್ಷ.

ಇದೇ ಕೃಷ್ಣೆಯು ೧೫೬೫ರ ಜನವರಿಯಲ್ಲಿ ಮತ್ತೆ ಅದೇ ಸಮಸ್ಯೆಯನ್ನು ಒಡ್ಡಿತು. ದಕ್ಷಿಣ ದಡದ ಹಾಯ್ಗಡವನ್ನು ಅಳಿಯ ರಾಮರಾಯನ ಸೈನ್ಯವು ಹಿಡಿದಿತ್ತು. ಸುಲ್ತಾನರು ಬೇರೆ ಕಡೆ ದಾಟುವವರಂತೆ ಮೂರು ದಿನ ದಡದಗುಂಟ ನಡೆದರು. ಕಾವಲಿನವರೂ ಇತ್ತ ಅವರನ್ನು ಅನುಸರಿಸಿದರು. ಸುಲ್ತಾನರು ಥಟ್ಟನೆ ಹಿಂದಿರುಗಿ ಬರಿದಾಗಿದ್ದ ಮೊದಲಿನ ಹಾಯ್ಗಡದಲ್ಲಿಯೇ ದಾಟಿದರೆಂದು ಫಿರಿಸ್ತನು ಬರೆದಿದ್ದಾನೆ. ೧೫೨೦ರಲ್ಲಿ ವಿಜಾಪುರಕ್ಕೆ ಮೃತ್ಯುವಾದ ನಡೆಯೇ ೪೫ ವರ್ಷಗಳ ಮೇಲೆ ವಿಜಯಕ್ಕೆ ಬಾಗಿಲಾಯಿತು. ದಾಟುವುದು ಎರಡು ಸಲವೂ ಒಂದೇ. ದಾಟಿದ ಹೊತ್ತು ಬೇರೆ.

೭. ಉಪಸಂಹಾರ

ಮೇಲಿನ ವಿಚಾರದಿಂದ ಹೊರಡುವ ಅಭಿಪ್ರಾಯಗಳು ಇವು. ರಾಯಚೂರಿನ ಯುದ್ಧವು ನಡೆದುದು ಕ್ರಿ. ಶ. ೧೫೨೦ನೆಯ ಮೇ ೧೯ನೆಯ ಶನಿವಾರ; ಮುಂಗಾರಿನ ಸಾಮೀಪ್ಯವನ್ನು ಗಣಿಸದೆ ಎರಡು ಪಕ್ಷಗಳ ಚಲನೆಯೂ ಅರ್ಥವಾಗದು. ವೃತ್ತಾಂತಗಳು ಮೊದಲ ನಡೆಯು ಯಾರದೆಂಬುದರಲ್ಲಿ ಭಿನ್ನವಾದರೂ ನದೀತರಣದಲ್ಲಿ ಒಂದಾಗುತ್ತವೆ. ಫಲವನ್ನು ನಿರ್ಣಯಿಸಿದುದು ಅದೂ, ಅದರ ಅನಂತರದ ನಿಲುಗಡೆಯೂ. ರಾಯನ ಗೆಲವಿಗೆ ಅವನ ಧೈರ್ಯದಷ್ಟೇ ಅವನು ಎರಡನೆಯ ಪಡೆಯನ್ನು ಉಳಿಸಿಕೊಂಡ ತಾಳ್ಮೆಯೂ ಕಾರಣ.

ನಮ್ಮ ಪಾಠಪುಸ್ತಕಗಳಲ್ಲಿ ಈ ಪ್ರಸಂಗವು ಒಬ್ಬ ವೀರನ ಮತ್ತು ಒಬ್ಬ ಕುಡುಕನ ಕಥೆಯಾಗಿ ಇಳಿದಿದೆ. ಹಾಗೆ ಕಲಿತ ವಿದ್ಯಾರ್ಥಿಗೆ ೧೫೬೫ರ ಸೋಲು ವಿಧಿಯೆಂದೋ ದ್ರೋಹವೆಂದೋ ತೋರುವುದು ಸಹಜ. ರಾಯಚೂರಿನ ಪಾಠವನ್ನು ಬೋಧಿಸುವ ಅಧ್ಯಾಪಕರು ಸೀಮೆಯ ನಕ್ಷೆಯನ್ನೂ ಆ ವರ್ಷದ ಪಂಚಾಂಗವನ್ನೂ ಮುಂದಿಟ್ಟುಕೊಂಡು, ದೇವದುರ್ಗದ ಅಂಚಿನ ಕೃಷ್ಣೆಯಿಂದ ಮಾನ್ವಿಯ ಅಂಚಿನ ತುಂಗಭದ್ರೆಯವರೆಗೆ ಒಂದೊಂದು ನಡೆಯನ್ನೂ ಅದರ ಹೊತ್ತಿನೊಡನೆ ತೋರಿಸಿದರೆ, ಎರಡು ಯುದ್ಧಗಳೂ ಒಂದೇ ಸಮಸ್ಯೆಯ ಎರಡು ಬಿಡಿಕೆಗಳೆಂಬುದು ಅವರ ಶಿಷ್ಯರಿಗೆ ಮನವರಿಕೆಯಾದೀತು.